ಚರ್ಮದಡಿಯ ನಂಜು ಮತ್ತು ಲ್ಯಾಬಿನ ಆರು ಅಂಕಿ

(ಹೈದರಾಬಾದಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಹೃದಯದ ಬಗ್ಗೆಯೋ ಕ್ಯಾನ್ಸರಿನ ಬಗ್ಗೆಯೋ ಮಾತಾಡುತ್ತಾರೆಂದು ಸಭೆ ಕಾಯುತ್ತದೆ. ನಾನು ಆರಿಸಿಕೊಂಡದ್ದು ಕಾಲಿನ ನಂಜನ್ನು. ಯಾಕೆಂದರೆ ಅದು ಈ ಊರಿನ ಕನ್ನಡಿಗರ ಮನೆಬಾಗಿಲಿಗೆ ಬರುವ ಕಾಯಿಲೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರಿನಿಂದ, ಇತ್ತ ಜಹೀರಾಬಾದ್, ನಾರಾಯಣಪೇಟೆಯಿಂದ ದವಾಖಾನೆಗೆಂದು ಬರುವ ನೆಂಟರು ಇಮ್ಲಿಬನ್ ಬಸ್ ನಿಲ್ದಾಣದಲ್ಲೋ ಕಾಚಿಗುಡ ಸ್ಟೇಷನ್ನಿನಲ್ಲೋ ಇಳಿದು ಮೊದಲು ಫೋನ್ ಮಾಡುವುದು ನಿಮಗೆ. ಯಾವ ಆಸ್ಪತ್ರೆಗೆ, ಎಷ್ಟು ಬೇಗ ಹೋಗಬೇಕು ಎಂಬ ತೀರ್ಮಾನ ಎಷ್ಟೋ ಸಲ ಡಾಕ್ಟರ ಕೈಗೆ ಬರುವ ಮುಂಚೆ ನಿಮ್ಮ ಪಡಸಾಲೆಯಲ್ಲೇ ಆಗಿಹೋಗಿರುತ್ತದೆ.

ಅವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. "ಏನಿಲ್ರಿ, ಹೊಲದಾಗ ತೊಗರಿ ಕೂಳೆ ನಟ್ಟಿತ್ತು. ಸಣ್ಣ ಗಾಯ." ಮೊದಲ ದಿನ ಅರಿಸಿನ. ಎರಡನೆಯ ದಿನ ಕಾಲು ಬಾತು ಕೆಂಪಾಗಿ, ಊರಿನ ಆರ್‌ಎಂಪಿ ಡಾಕ್ಟರ ಬಳಿ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್, ಜೊತೆಗೆ ಯಾವುದೋ ಆ್ಯಂಟಿಬಯಾಟಿಕ್. ಜ್ವರ ಇಳಿಯಿತು, ಎಲ್ಲರಿಗೂ ಸಮಾಧಾನ. ಮೂರನೆಯ ರಾತ್ರಿ ನೋವು ತಡೆಯಲಾಗದೆ ಜೀಪು ಮಾಡಿಕೊಂಡು ಹೊರಟರು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರೆ, "ಇರಬಹುದ್ರಿ, ತೋರಿಸಿಲ್ಲ."

ಇಂಥ ಹತ್ತು ಕಾಲುಗಳಲ್ಲಿ ಬಹುಪಾಲು ಸಾದಾ ಸೆಲ್ಯುಲೈಟಿಸ್. ಅಂದರೆ ಚರ್ಮಕ್ಕೂ ಅದರ ಕೆಳಗಿನ ಕೊಬ್ಬಿಗೂ ತಗುಲಿದ ಸೋಂಕು. ಸರಿಯಾದ ಆ್ಯಂಟಿಬಯಾಟಿಕ್ ಬಿದ್ದರೆ ಇಳಿಯುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಮಾತ್ರ ಬೇರೆ ಜಾತಿಯದು: ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್. ಸ್ನಾಯುಗಳನ್ನು ಹೊದ್ದಿರುವ ತೆಳು ಪೊರೆಗೆ ಫ್ಯಾಸಿಯಾ ಎನ್ನುತ್ತಾರೆ. ಆ ಪೊರೆಗೆ ರಕ್ತದ ಪೂರೈಕೆ ಕಡಿಮೆ, ಆದ್ದರಿಂದ ರಕ್ಷಣೆಯೂ ಕಡಿಮೆ. ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಂಡರೆ ಮೇಲಕ್ಕೆ ಬರುವುದಕ್ಕಿಂತ ಉದ್ದಕ್ಕೆ ಹರಿಯುತ್ತವೆ. ಪೊರೆಯನ್ನು ತೂರಿಕೊಂಡು ಚರ್ಮಕ್ಕೆ ಹೋಗುವ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟುತ್ತವೆ. ಆಮೇಲೆ ಚರ್ಮ ನೀಲಿಯಾಗುವುದು, ಬೊಕ್ಕೆ ಏಳುವುದು, ಕಪ್ಪಾಗುವುದು. ಗೆದ್ದಲು ತಿಂದ ಬಾಗಿಲಿನ ಬಣ್ಣ ಕೊನೆಯವರೆಗೂ ಹೊಸದರಂತೆ ಇರುವ ಹಾಗೆ, ಒಳಗೆ ಅಂಗೈಯಗಲ ಸತ್ತಿದ್ದರೂ ಮೇಲೆ ಬರೀ ಕೆಂಪು. ನೋವು ಮಾತ್ರ ಆ ಕೆಂಪಿಗೆ ಹೊಂದದಷ್ಟು ವಿಪರೀತ. ಇನ್ನೂ ತಡವಾದರೆ ನರಗಳೂ ಸತ್ತು ನೋವೇ ಇಲ್ಲವಾಗುತ್ತದೆ. "ಈಗ ನೋವು ಕಡಿಮೆ ಆಗೇದ" ಎಂಬ ಮಾತು ಕೇಳಿದಾಗ ಮನೆಯವರು ದೇವರಿಗೆ ಕೈಮುಗಿಯುತ್ತಾರೆ, ಸರ್ಜನ್ನರ ಮುಖ ಇಳಿಯುತ್ತದೆ.

ಕಾಯಿಲೆ ಹೊಸದೇನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದುಡಿದ ಜೋಸೆಫ್ ಜೋನ್ಸ್ ಎಂಬ ವೈದ್ಯ 1871ರಲ್ಲಿ ಇಂಥ 2,642 ಸೈನಿಕರ ಲೆಕ್ಕ ಬರೆದಿಟ್ಟ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತಿದ್ದರು. 1924ರಲ್ಲಿ ಪೀಕಿಂಗಿನಲ್ಲಿದ್ದ ಫ್ರಾಂಕ್ ಮೆಲೆನಿ ಇಪ್ಪತ್ತು ರೋಗಿಗಳನ್ನು ವರ್ಣಿಸಿ ಸ್ಟ್ರೆಪ್ಟೊಕಾಕಸ್ಸಿನತ್ತ ಬೊಟ್ಟು ಮಾಡಿದ. ಈಗಿನ ಹೆಸರು ಬಂದದ್ದು 1952ರಲ್ಲಿ. ನಮ್ಮ ಸಕ್ಕರೆ ಕಾಯಿಲೆಯ ರೋಗಿಗಳಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳು ಕೂಡಿಕೊಂಡಿರುವುದೇ ಹೆಚ್ಚು. ಚಿಕಿತ್ಸೆ ಆಗಲೂ ಈಗಲೂ ಒಂದೇ: ಸತ್ತದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಸತ್ತ ಜಾಗಕ್ಕೆ ರಕ್ತ ಹೋಗುವುದಿಲ್ಲ, ರಕ್ತ ಹೋಗದಲ್ಲಿಗೆ ಆ್ಯಂಟಿಬಯಾಟಿಕ್ ಹೋಗುವುದಿಲ್ಲ.

ಹಾಗಾಗಿ ಪ್ರಶ್ನೆಯೆಲ್ಲ ಗಂಟೆಗಳದು. ಸಿಂಗಪುರದ ಚಾಂಗಿ ಆಸ್ಪತ್ರೆಯ ಚಿನ್ ಹೋ ವಾಂಗ್ ಮತ್ತು ಸಂಗಡಿಗರು 2003ರಲ್ಲಿ ತಮ್ಮ 89 ರೋಗಿಗಳ ವಿವರ ಪ್ರಕಟಿಸಿದರು. ನೂರಕ್ಕೆ ಎಪ್ಪತ್ತು ಮಂದಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಗೆ ಸೇರಿದಾಗಲೇ ಕಾಯಿಲೆ ಇದೇ ಎಂದು ಗುರುತಾದದ್ದು 13 ಮಂದಿಯಲ್ಲಿ ಮಾತ್ರ. ಶಸ್ತ್ರಚಿಕಿತ್ಸೆ 24 ಗಂಟೆಗಿಂತ ತಡವಾದವರಲ್ಲಿ ಸಾವಿನ ಅಪಾಯ ಒಂಬತ್ತು ಪಟ್ಟಿಗೂ ಮಿಗಿಲು. ವ್ಯವಸ್ಥಿತವಾದ ಆಸ್ಪತ್ರೆಯಲ್ಲೇ ಗತಿ ಹೀಗಿತ್ತು.

ಅದೇ ತಂಡ ಮರುವರ್ಷ, 2004ರಲ್ಲಿ, ಒಂದು ಉಪಾಯ ಮುಂದಿಟ್ಟಿತು. ಹೊಸ ಯಂತ್ರ ಬೇಡ, ಹೊಸ ಪರೀಕ್ಷೆಯೂ ಬೇಡ. ಹೇಗೂ ಮಾಡಿಸುವ ರಕ್ತಪರೀಕ್ಷೆಗಳಲ್ಲೇ ಆರನ್ನು ಒಟ್ಟಿಗೆ ಓದಿ ಅಂಕ ಕೊಡಿ ಎಂದರು. ವೈದ್ಯರು ಇದನ್ನು ಲ್ರಿನೆಕ್ ಸ್ಕೋರ್ ಎನ್ನುತ್ತಾರೆ. ಸಿಆರ್‌ಪಿ ಲೀಟರಿಗೆ 150 ಮಿಲಿಗ್ರಾಂ ಮುಟ್ಟಿದರೆ 4 ಅಂಕ. ಬಿಳಿ ರಕ್ತಕಣ 15,000 ಮುಟ್ಟಿದರೆ 1, 25,000 ದಾಟಿದರೆ 2. ಹಿಮೋಗ್ಲೋಬಿನ್ 13.5ರಿಂದ 11ರ ನಡುವೆ ಇದ್ದರೆ 1, ಅದಕ್ಕೂ ಕೆಳಗಾದರೆ 2. ಸೋಡಿಯಂ 135ಕ್ಕಿಂತ ಕಡಿಮೆಯಾದರೆ 2. ಕ್ರಿಯಾಟಿನಿನ್ 1.6 ಮೀರಿದರೆ 2. ಸಕ್ಕರೆ 180 ಮೀರಿದರೆ 1. ಒಟ್ಟು 13. ಆರು ಅಥವಾ ಹೆಚ್ಚು ಬಂದರೆ ಅನುಮಾನಿಸಿ, ಎಂಟು ಬಂದರೆ ಬಲವಾಗಿ ಅನುಮಾನಿಸಿ.

ಈ ಆರನ್ನೇ ಯಾಕೆ ಆರಿಸಿದರು? ಅಂಕಿಅಂಶದ ಜರಡಿಯಲ್ಲಿ ಇವೇ ಉಳಿದವು ಎಂಬುದು ಒಂದು ಉತ್ತರ. ಆದರೆ ಪ್ರತಿಯೊಂದರ ಹಿಂದೆಯೂ ಒಂದು ವಿದ್ಯಮಾನವಿದೆ. ಸಿಆರ್‌ಪಿ ಎಂಬುದು ಉರಿಯೂತದ ಸುದ್ದಿ ಮುಟ್ಟಿದೊಡನೆ ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನು. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು. ಬಿಳಿ ಕಣ ಏರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬ್ಯಾಕ್ಟೀರಿಯಾಗಳ ವಿಷ ಕೆಂಪು ಕಣಗಳನ್ನು ಒಡೆಯಬಲ್ಲದು, ಹಿಮೋಗ್ಲೋಬಿನ್ ಇಳಿಯುತ್ತದೆ. ದೇಹಕ್ಕೆ ಇಂಥ ಪೆಟ್ಟು ಬಿದ್ದಾಗ ನೀರನ್ನು ಹಿಡಿದಿಡುವ ಹಾರ್ಮೋನು ಹೆಚ್ಚಿ ಸೋಡಿಯಂ ತೆಳುವಾಗುತ್ತದೆ. ರಕ್ತದೊತ್ತಡ ಕುಸಿಯತೊಡಗಿದರೆ ಕಿಡ್ನಿ ಮೊದಲು ಗೊಣಗುತ್ತದೆ, ಕ್ರಿಯಾಟಿನಿನ್ ಏರುತ್ತದೆ. ಸಂಕಟದ ಹಾರ್ಮೋನುಗಳು ಸಕ್ಕರೆ ಏರಿಸುತ್ತವೆ. ಒಂದೊಂದನ್ನೇ ನೋಡಿದರೆ ಯಾವುದೂ ಹೌಹಾರುವಂಥದ್ದಲ್ಲ. ಸೋಡಿಯಂ 131 ಎಂದರೆ ವಾಂತಿಯಾಗಿರಬಹುದು, ಹಿಮೋಗ್ಲೋಬಿನ್ 10 ಎಂದರೆ ನಮ್ಮ ಹೆಂಗಸರಲ್ಲಿ ಮಾಮೂಲು, ಕ್ರಿಯಾಟಿನಿನ್ 1.8ಕ್ಕೆ ಸಕ್ಕರೆ ಕಾಯಿಲೆ ಕಾರಣ ಎನ್ನಬಹುದು. ಹೀಗೆ ಒಂದೊಂದಕ್ಕೂ ಒಂದೊಂದು ಸಬೂಬು ಕೊಟ್ಟು ಮುಂದೆ ಸಾಗುವುದು ರಾತ್ರಿ ಪಾಳಿಯ ದಣಿದ ಮನಸ್ಸಿಗೆ ಸಲೀಸು. ಆರನ್ನೂ ಒಂದೇ ಹಾಳೆಯಲ್ಲಿ ಕೂಡಿಸಿ ನೋಡುವಂತೆ ಒತ್ತಾಯಿಸಿದ್ದೇ ವಾಂಗ್ ತಂಡದ ದೊಡ್ಡ ಉಪಕಾರ ಎಂದು ನಾನು ತಿಳಿದಿದ್ದೇನೆ.

ಆರು ಅಂಕಕ್ಕೆ ಗೆರೆ ಎಳೆದಾಗ ಅವರಿಗೆ ಸಿಕ್ಕ ಫಲಿತಾಂಶ ಬೆರಗಿನದು. ಗೆರೆ ದಾಟಿದವರಲ್ಲಿ ನೂರಕ್ಕೆ 92 ಮಂದಿಗೆ ಕಾಯಿಲೆ ನಿಜವಾಗಿಯೂ ಇತ್ತು. ದಾಟದವರಲ್ಲಿ 96 ಮಂದಿಗೆ ಇರಲಿಲ್ಲ. ಈ ಎರಡು ಅಂಕಿಗಳು ಜಗತ್ತಿನ ಕ್ಯಾಶುವಾಲ್ಟಿಗಳಿಗೆಲ್ಲ ಹಬ್ಬಿದವು. ಮೊಬೈಲಿನಲ್ಲಿ ಆರು ಸಂಖ್ಯೆ ಒತ್ತಿದರೆ ಅಂಕ ಬರುತ್ತದೆ. ತೊಡಕು ಶುರುವಾದದ್ದೂ ಅಲ್ಲಿಂದಲೇ.

ಇಲ್ಲಿ ಈ ಊರಿನದೇ ಒಂದು ಹಳೆಯ ಪ್ರಕರಣ ನೆನಪಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅರಿವಳಿಕೆಗೆಂದು ಕ್ಲೋರೋಫಾರ್ಮ್ ಕೊಟ್ಟಾಗ ಕೆಲವು ರೋಗಿಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂದು ದೊಡ್ಡ ಜಗಳ. ಇಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ 1888ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ನಡೆಸಿದ. ಅದರ ತೀರ್ಮಾನವನ್ನು ಲಂಡನ್ನಿನವರು ನಂಬದಿದ್ದಾಗ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ 1,000 ಪೌಂಡ್ ಕೊಟ್ಟು ಲ್ಯಾನ್ಸೆಟ್ ಪತ್ರಿಕೆಯೇ ಆರಿಸಿದ ಲಾಡರ್ ಬ್ರಂಟನ್‌ನನ್ನು 1889ರಲ್ಲಿ ಕರೆಸಿಕೊಂಡಿತು. ನಾಯಿ, ಕೋತಿಗಳ ಮೇಲೆ ನೂರಾರು ಪ್ರಯೋಗ ನಡೆದವು. ಉಸಿರೇ ಮೊದಲು ನಿಲ್ಲುತ್ತದೆ, ಉಸಿರನ್ನು ಕಾದರೆ ಸಾಕು, ನಾಡಿ ನೋಡಬೇಕಿಲ್ಲ ಎಂದು ತೀರ್ಪಾಯಿತು. 1911ರಲ್ಲಿ ಎ. ಜಿ. ಲೆವಿ ಎಂಬಾತ ಅರೆಮಂಪರಿನ ಬೆಕ್ಕುಗಳಲ್ಲಿ ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಿ ಥಟ್ಟನೆ ಕೊಲ್ಲಬಲ್ಲದು ಎಂದು ತೋರಿಸಿದ. ಹೈದರಾಬಾದಿನ ಅಳತೆಗಳು ಸುಳ್ಳಾಗಿರಲಿಲ್ಲ. ಅಳೆದದ್ದು ಒಂದು ಬಗೆಯ ಸಾವನ್ನು, ಹೇಳಿದ್ದು ಎಲ್ಲ ಬಗೆಯ ಸಾವಿನ ಬಗ್ಗೆ. "ನಾಡಿ ನೋಡಬೇಕಿಲ್ಲ" ಎಂಬ ಅರ್ಧ ವಾಕ್ಯ ಪ್ರಯೋಗದಿಂದ ಬಂದದ್ದಲ್ಲ, ಪ್ರಯೋಗದ ಹುಮ್ಮಸ್ಸಿನಿಂದ ಬಂದದ್ದು.

ಲ್ರಿನೆಕ್ ಅಂಕಕ್ಕೂ ಹಾಗೆಯೇ ಒಂದು ಬಾಲ ಅಂಟಿಕೊಂಡಿತು: "ಆರಕ್ಕಿಂತ ಕಡಿಮೆ ಇದೆ, ಸರ್ಜನ್ನರನ್ನು ಎಬ್ಬಿಸಬೇಕಿಲ್ಲ." 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಆರರ ಗೆರೆ ಹಿಡಿಯುವುದು ನೂರರಲ್ಲಿ ಸುಮಾರು 68 ರೋಗಿಗಳನ್ನು ಮಾತ್ರ ಎಂದು ತಿಳಿಯಿತು. ಎಂಟಕ್ಕೆ ಏರಿಸಿದರೆ ಸುಮಾರು 41. ಮೂವರಲ್ಲಿ ಒಬ್ಬ ಜಾರಿಹೋಗುವ ಬಲೆಯನ್ನು ನೆಚ್ಚಿಕೊಂಡು ಮಲಗುವಂತಿಲ್ಲ.

ಗೆರೆ ದಾಟಿದವರಲ್ಲಿ ಕಂಡ ಆ 92 ಎಲ್ಲಿ ಹೋಯಿತು? ಈ ಲೆಕ್ಕ ಗಣಿತದ ಮೇಷ್ಟರಿಗೆ ಮಾತ್ರವಲ್ಲ, ಎಲ್ಲರಿಗೂ ತಿಳಿಯುವಂಥದ್ದು. ಸಿಂಗಪುರದವರು 89 ರೋಗಿಗಳ ಪಕ್ಕಕ್ಕೆ ಬೇರೆ ಸೋಂಕಿನ 225 ಮಂದಿಯನ್ನು ಇಟ್ಟು ಹೋಲಿಸಿದರು. ಅಂದರೆ ಸಾಲಿನಲ್ಲಿ ನಿಂತವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿಗೆ ಕಾಯಿಲೆ ಇದ್ದೇ ಇತ್ತು. ನಮ್ಮ ಕ್ಯಾಶುವಾಲ್ಟಿಯ ಸಾಲು ಹಾಗಿರುವುದಿಲ್ಲ. ಲೆಕ್ಕಕ್ಕೆಂದು ಊಹಿಸಿಕೊಳ್ಳೋಣ: ಕೆಂಪಗೆ ಬಾತ ಕಾಲಿನ ಸಾವಿರ ಮಂದಿ ಬಂದರು, ಅವರಲ್ಲಿ ಹತ್ತು ಮಂದಿಗೆ ಈ ಕಾಯಿಲೆ. ಗೆರೆ ಅವರಲ್ಲಿ ಏಳು ಮಂದಿಯನ್ನು ಹಿಡಿಯಿತು, ಮೂವರನ್ನು ಬಿಟ್ಟಿತು. ಉಳಿದ 990ರಲ್ಲಿ ನೂರಕ್ಕೆ 15ರಂತೆ ಸುಮಾರು 150 ಮಂದಿಯ ಮೇಲೆ ಸುಳ್ಳು ಗಂಟೆ ಬಾರಿಸಿತು. ಗಂಟೆ ಬಾರಿಸಿದ 157ರಲ್ಲಿ ನಿಜ ಏಳು. ಪರೀಕ್ಷೆ ಅದೇ, ಜನ ಬೇರೆ.

ನಮ್ಮ ಭಾಗದ ಜನರಲ್ಲಿ ಇನ್ನೂ ಒಂದು ತೊಡಕು. ಅಂಕಕ್ಕೆ ಬೇಕಾದ ಅರ್ಧದಷ್ಟು ಬಂಡವಾಳ ಅವರ ಮೈಯಲ್ಲಿ ಮೊದಲೇ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು ಎಂದಿತು. ಭಾಲ್ಕಿಯ ಕಡೆಯ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಹಿಮೋಗ್ಲೋಬಿನ್ 9.5, ಹಳೆಯ ಕಿಡ್ನಿ ತೊಂದರೆಯಿಂದ ಕ್ರಿಯಾಟಿನಿನ್ 2, ಸಕ್ಕರೆ 260. ಕಾಲಿಗೆ ಏನೂ ಆಗದೆಯೇ ಆಕೆಗೆ ಐದು ಅಂಕ. ಸಾದಾ ಸೆಲ್ಯುಲೈಟಿಸ್ ಆಗಿ ಬಿಳಿ ಕಣ 16,000ಕ್ಕೆ ಏರಿದರೆ ಆರು. ಇನ್ನು ಸಕ್ಕರೆಯೇ 480ಕ್ಕೆ ಹೋಗಿದ್ದರೆ ಅದು ನೀರನ್ನು ರಕ್ತದೊಳಗೆ ಎಳೆದು ಸೋಡಿಯಮ್ಮನ್ನು ಆರರಷ್ಟು ಇಳಿಸಬಲ್ಲದು. 140 ಇದ್ದದ್ದು 134. ಒಂದೇ ಕಾರಣಕ್ಕೆ ಎರಡು ಕಡೆ ಅಂಕ.

ಇದಕ್ಕೆ ಎದುರಾಗಿ ಇಪ್ಪತ್ತೆಂಟರ ಗಟ್ಟಿ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಗಾಯವಾಗಿ ಹದಿನೆಂಟು ಗಂಟೆ. ಹಿಮೋಗ್ಲೋಬಿನ್ 15, ಕ್ರಿಯಾಟಿನಿನ್ 1, ಸಕ್ಕರೆ 110, ಸೋಡಿಯಂ 136, ಬಿಳಿ ಕಣ 14,000, ಸಿಆರ್‌ಪಿ 90. ಕೂಡಿಸಿ ನೋಡಿ: ಸೊನ್ನೆ. ಕಾಲು ಮುಟ್ಟಿದರೆ ಚೀರುತ್ತಾನೆ. ಸಿಆರ್‌ಪಿ ಏರತೊಡಗಲು ಆರು ಗಂಟೆಯಾದರೂ ಬೇಕು, ತುದಿ ಮುಟ್ಟಲು ಎರಡು ದಿನ. ಅಂದರೆ ಬೇಗ ಬಂದವನಿಗೆ ಕಡಿಮೆ ಅಂಕ, ತಡವಾಗಿ ಬಂದವನಿಗೆ ಹೆಚ್ಚು. ಬೇಗ ಗುರುತಿಸಲೆಂದು ಮಾಡಿದ ಪರೀಕ್ಷೆ ಬೇಗ ಬಂದವನಲ್ಲೇ ಕೈಕೊಡುತ್ತದೆ. ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ, ಯಕೃತ್ತು ಕೆಟ್ಟವರಲ್ಲಿ ಸಿಆರ್‌ಪಿ ಎಷ್ಟೋ ಸಲ ತಕ್ಕಷ್ಟು ಏರುವುದಿಲ್ಲ.

ಹಾಗಾದರೆ ಇದನ್ನು ಎಸೆಯಬೇಕೇ? ಖಂಡಿತ ಬೇಡ. ನನ್ನ ವಾದ ಇಷ್ಟೇ: ಅಂಕ ಅನುಮಾನ ಹುಟ್ಟಿಸಲಿ, ಹುಟ್ಟಿದ ಅನುಮಾನವನ್ನು ಕಳೆಯುವ ಅಧಿಕಾರ ಅದಕ್ಕೆ ಬೇಡ. ಒಂಬತ್ತು ಬಂದರೆ ಸರ್ಜನ್ನರನ್ನು ಎಬ್ಬಿಸಿ. ಎರಡು ಬಂದು ನೋವು ವಿಪರೀತವಾಗಿದ್ದರೂ ಎಬ್ಬಿಸಿ. ಅನುಮಾನ ನಿಜವಾಗಿಯೂ ಮಂದವಾಗಿದ್ದರೆ ಮಾತ್ರ ಆರೆಂಟು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದು ಏರಿಳಿತ ನೋಡಿ; ಒಂದು ಅಂಕಿಗಿಂತ ಅದು ಸಾಗುತ್ತಿರುವ ದಿಕ್ಕು ಹೆಚ್ಚು ಹೇಳುತ್ತದೆ. ಜೊತೆಗೆ, ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟನ್ನೂ ನೋಡಿ. ಸಿಟಿ ಸ್ಕ್ಯಾನ್ ನೂರರಲ್ಲಿ 88ರಷ್ಟು ಹಿಡಿಯುತ್ತದೆ, ಆದರೆ ಸ್ಕ್ಯಾನಿನ ಸರದಿಗೆ ಕಾಯುತ್ತ ಆಪರೇಷನ್ ಮುಂದೂಡುವಂತಿಲ್ಲ.

ಕೊನೆಯ ಮಾತು ಕತ್ತಿಯದೇ. ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಎರಡು ಸೆಂಟಿಮೀಟರ್ ಸೀಳಿ ಪೊರೆಯವರೆಗೆ ಬೆರಳಿಡುತ್ತಾರೆ. ಆರೋಗ್ಯವಂತ ಪೊರೆ ಬೆರಳನ್ನು ತಡೆಯುತ್ತದೆ, ರಕ್ತ ಬರುತ್ತದೆ. ಸತ್ತ ಪೊರೆ ತಡೆಯುವುದಿಲ್ಲ. ರಕ್ತದ ಬದಲು ಪಾತ್ರೆ ತೊಳೆದ ನೀರಿನಂಥ ಬೂದು ದ್ರವ ಬರುತ್ತದೆ. ಆ ದ್ರವದ ಒಂದು ಹನಿ ಗ್ರಾಮ್ ಸ್ಟೇನ್ ಎಂಬ ಬಣ್ಣ ಹಾಕಿಸಿಕೊಂಡು ಕಾಲು ಗಂಟೆಯೊಳಗೆ ಬ್ಯಾಕ್ಟೀರಿಯಾ ಯಾವ ಗುಂಪಿನದೆಂದು ಹೇಳಬಲ್ಲದು. ಅದೂ ಲ್ಯಾಬೇ. ರಕ್ತದ ಆರು ಅಂಕಿಯ ಬಗ್ಗೆ ಇಷ್ಟೆಲ್ಲ ಬರೆಯುವ ನಾವು ಸೂಕ್ಷ್ಮದರ್ಶಕದ ಮುಂದೆ ರಾತ್ರಿ ಹನ್ನೆರಡಕ್ಕೆ ಒಬ್ಬ ತಂತ್ರಜ್ಞ ಇರುವಂತೆ ನೋಡಿಕೊಂಡಿದ್ದರೆ ಇನ್ನಷ್ಟು ಕಾಲುಗಳು ಉಳಿಯುತ್ತಿದ್ದವು.

ಲ್ಯಾಬ್ ಬಳಗದವರು ಹಲವರು ಇಲ್ಲಿದ್ದೀರಿ, ಆದ್ದರಿಂದ ನಮ್ಮ ಮನೆಯ ಮಾತು ಒಂದೆರಡು. ಸಣ್ಣ ಊರುಗಳ ಲ್ಯಾಬುಗಳಲ್ಲಿ ಸಿಆರ್‌ಪಿಯನ್ನು ಇನ್ನೂ ಗಾಜಿನ ಪಟ್ಟಿಯ ಮೇಲೆ ಲ್ಯಾಟೆಕ್ಸ್ ಹನಿ ಬೆರೆಸಿ ನೋಡುವುದುಂಟು. ಅದು "ಪಾಸಿಟಿವ್" ಎನ್ನುತ್ತದೆ, ಅಷ್ಟೆ. ಇಪ್ಪತ್ತಕ್ಕೂ ಪಾಸಿಟಿವ್, ಮುನ್ನೂರಕ್ಕೂ ಪಾಸಿಟಿವ್. ಹದಿಮೂರರಲ್ಲಿ ನಾಲ್ಕು ಅಂಕ ನಿಂತಿರುವುದೇ ಆ ಸಂಖ್ಯೆಯ ಮೇಲೆ. ಎರಡನೆಯದು ಅಳತೆಯ ಮಾನದ್ದು. ಕೆಲವು ಲ್ಯಾಬುಗಳು ಲೀಟರಿನ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರಿನಲ್ಲಿ. ಲೀಟರಿಗೆ 160 ಎಂದರೆ ಡೆಸಿಲೀಟರಿಗೆ 16. ಬೀದರಿನ ಹಾಳೆಯಲ್ಲಿ 16 ಎಂದಿದ್ದದ್ದನ್ನು ಹೈದರಾಬಾದಿನ ಯುವ ವೈದ್ಯ ಲೀಟರಿನ ಲೆಕ್ಕದಲ್ಲಿ ಓದಿಕೊಂಡರೆ ನಾಲ್ಕು ಅಂಕ ಗಾಳಿಗೆ ಹೋಯಿತು. ಮರುದಿನ ಇಲ್ಲಿ 170 ಬಂದರೆ ಹತ್ತು ಪಟ್ಟು ಏರಿತೆಂದು ಗಾಬರಿಯಾಗುತ್ತಾನೆ, ಅದೂ ತಪ್ಪು.

ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಆವರಣದಲ್ಲಿ 2018ರಲ್ಲಿ ತೆಲಂಗಾಣ ಡಯಾಗ್ನಾಸ್ಟಿಕ್ಸ್ ಕೇಂದ್ರ ಶುರುವಾಯಿತು. ಬಸ್ತಿ ದವಾಖಾನೆಯಲ್ಲಿ ರಕ್ತ ಕೊಟ್ಟರೆ ವ್ಯಾನು ಅದನ್ನು ಒಯ್ಯುತ್ತದೆ, ಪರೀಕ್ಷೆ ಉಚಿತ, ವರದಿ ಫೋನಿಗೆ ಬರುತ್ತದೆ. ಸಕ್ಕರೆ, ಥೈರಾಯ್ಡ್, ಕಿಡ್ನಿಯ ನಿತ್ಯದ ತಪಾಸಣೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬಡವರಿಗೆ ಸಿಕ್ಕಿರಲಿಲ್ಲ. ಆದರೆ ನೋವಿನಿಂದ ನರಳುವ ಕಾಲಿಗೆ ಇದು ದಾರಿಯಲ್ಲ. ವ್ಯಾನು ಬಂದು, ಒಯ್ದು, ವರದಿ ಬರುವ ಹೊತ್ತಿಗೆ ನಾವು ಎಣಿಸುತ್ತಿರುವ ಗಂಟೆಗಳು ಖರ್ಚಾಗಿರುತ್ತವೆ. ಇಂಥ ರಕ್ತ ಆಪರೇಷನ್ ಥಿಯೇಟರ್ ಇರುವ ಕಟ್ಟಡದಲ್ಲೇ ತೆಗೆದು, ಅಲ್ಲೇ ಪರೀಕ್ಷೆಯಾಗಬೇಕು.

ಊರಿನಿಂದ ಫೋನ್ ಬಂದಾಗ ನೀವು ಹೇಳಬಹುದಾದದ್ದು ಇದೆ. ಕೆಂಪು ಎಲ್ಲಿಯವರೆಗಿದೆಯೋ ಅಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆಯಲು ಹೇಳಿ. ಜೀಪು ಜಹೀರಾಬಾದ್ ದಾಟುವಾಗ ಕೆಂಪು ಆ ಗೆರೆಯನ್ನು ದಾಟಿದ್ದರೆ ಮನೆಗೆ ಕರೆದು ಚಹಾ ಕುಡಿಸುವ ಉಪಚಾರ ಬೇಡ, ನೇರ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೇ ಹೋಗಲಿ. ಗೆರೆ ದಾಟದಿದ್ದರೂ ನೋವು ತಡೆಯಲಾಗದಂತಿದ್ದರೆ ಅದೇ ದಾರಿ. ಯಾವ ಇಂಜೆಕ್ಷನ್ ಆಯಿತು, ಎಷ್ಟು ಹೊತ್ತಿಗೆ ಆಯಿತು ಎಂದು ಚೀಟಿಯಲ್ಲಿ ಬರೆಸಿಕೊಳ್ಳಲಿ. ಡೈಕ್ಲೋಫೆನಾಕ್ ಜ್ವರವನ್ನೂ ನೋವನ್ನೂ ಮುಚ್ಚುತ್ತದೆ ಎಂಬುದು ಇಲ್ಲಿನ ವೈದ್ಯರಿಗೆ ಗೊತ್ತು, ಆದರೆ ಕೊಟ್ಟಿದ್ದಾರೆಂಬುದು ಗೊತ್ತಿರಬೇಕಲ್ಲ. ಲ್ಯಾಬ್ ಹಾಳೆಯ ಫೋಟೋ ಸಾಲದು, ಹಾಳೆಯೇ ಬರಲಿ; ಫೋಟೋದಲ್ಲಿ ಮಾನದ ಕಾಲಂ ಕತ್ತರಿಸಿ ಹೋಗಿರುತ್ತದೆ.

ಲ್ಯಾಬಿನವರು ಮಾಡಬಹುದಾದ ಎರಡು ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ವರದಿಯಲ್ಲಿ ತಾರೀಖಿನ ಪಕ್ಕ ರಕ್ತ ತೆಗೆದ ಗಂಟೆ ಅಚ್ಚಾಗಲಿ. ಒಬ್ಬನೇ ರೋಗಿಯಲ್ಲಿ ಸಿಆರ್‌ಪಿ 150 ದಾಟಿ ಸೋಡಿಯಂ 135ರ ಕೆಳಗಿದ್ದರೆ, ವರದಿ ಅಚ್ಚಾಗುವವರೆಗೂ ಕಾಯದೆ, ರಕ್ತ ಕಳುಹಿಸಿದ ವಾರ್ಡಿಗೆ ಫೋನ್ ಮಾಡಿ, ಎತ್ತಿಕೊಂಡವರ ಹೆಸರು ಮತ್ತು ಗಂಟೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ.